ಮೆಟ್ರಿಯ ಕಟ್ಟೆಯಲ್ಲಿ ಅರ್ಧಕ್ಕೆ ನಿಂತ ಉಪದೇಶ

ನಮ್ಮ ಯಜಮಾನರು ಮಿಷನ್ನಿನ ಉಪದೇಶಿಗಳು. ಮನೆ ಹೊಸಪೇಟೆಯಲ್ಲಿ, ಕಾಲು ಮಾತ್ರ ಊರೂರಿನಲ್ಲಿ. ಪಾಪಿನಾಯಕನಹಳ್ಳಿ, ಕಂಪ್ಲಿ, ಸಂಡೂರು, ಎಲ್ಲೆಲ್ಲೂ ಕಟ್ಟೆಯ ಮೇಲೆ ನಿಂತು ಸುವಾರ್ತೆ ಹೇಳಿದವರು. ನಾನು ಹೆಂಗಸರ ನಡುವೆ ಕೂತು ಕೀರ್ತನೆ ಹೇಳಿಕೊಡುತ್ತಿದ್ದೆ. ಸಂಸಾರದ ಮಾತು ಬಂತೆಂದರೆ ಇವರನ್ನು ಹಿಡಿಯುವವರೇ ಇರಲಿಲ್ಲ. ದೇವರು ಮೊದಲು ಮಾಡಿದ್ದು ಊರನ್ನಲ್ಲ, ಗುಡಿಯನ್ನಲ್ಲ, ಗಂಡಹೆಂಡಿರ ಒಂದು ಮನೆಯನ್ನು. ಕ್ರಿಸ್ತನು ಜನಜನರ ನಡುವಿನ ಅಡ್ಡಗೋಡೆ ಕೆಡವಿ ಎಲ್ಲರನ್ನೂ ಒಂದೇ ಕುಟುಂಬ ಮಾಡಿದ. ಅದೇ ದೇವರ ಸಂಕಲ್ಪ ಎನ್ನುವರು. ಮನೆಗೆ ಬಂದ ಮೇಲೆ ಕೂತಲ್ಲಿಗೇ ನೀರು ಕೇಳುವರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಾನು ಕಾಡಿಸುತ್ತಿದ್ದೆ.

ನನ್ನ ಅತ್ತೆ ಮೆಟ್ರಿಯವರು, ಲಿಂಗವಂತರು, ಲಿಂಗವಿಲ್ಲದವರ ಕೈಯಡುಗೆ ಉಣ್ಣದ ನೇಮದವರು. ಮಗ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಅತ್ತರಂತೆ, ಆದರೆ ಸಂಬಂಧ ಕಡಿದುಕೊಳ್ಳಲಿಲ್ಲ. ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿಗೆ ಬರುವರು. ಅವರು ಬರುತ್ತಾರೆಂದರೆ ಇವರು ಹಿತ್ತಲು ಗುಡಿಸಿ, ಒಲೆಗೆ ಮೂರು ಕಲ್ಲು ಹೂಡಿ, ಹೊಸ ಗಡಿಗೆ ತಂದಿಟ್ಟು, ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ ತುಂಬಿಡುತ್ತಿದ್ದರು. ಅತ್ತೆ ತಾವೇ ನೀರು ಸೇದಿ, ಪೂಜೆ ಮುಗಿಸಿ, ಬೇಯಿಸಿಕೊಂಡು ಒಬ್ಬರೇ ಉಣ್ಣುವರು. ತಾಯಿಯ ನೇಮಕ್ಕೆ ತಾನು ಎಂದೂ ಕುಂದು ತಂದಿಲ್ಲವೆಂದು ಇವರಿಗೆ ಹೆಮ್ಮೆ. ಆದರೆ ಅವರು ಉಣ್ಣುವಾಗ ಇವರು ಕಿಟಕಿಯ ಹಿಂದೆ ನಿಂತು ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಸಾಯುವುದರೊಳಗೆ ಒಂದು ಸಲ ತಾಯಿಯ ಪಕ್ಕ ಕೂತು ಉಣ್ಣಬೇಕೆಂಬುದೊಂದೇ ಇವರ ಆಸೆ. ನನಗೋ ಸಿಟ್ಟು. ಊರವರೆಲ್ಲ ಹೊಗಳುವ ನನ್ನ ಅಡುಗೆ ಈ ಮುದುಕಿಗೆ ಮೈಲಿಗೆಯೇ ಎಂದು.

ಮೆಟ್ರಿಯಲ್ಲಿ ಮಾತ್ರ ಇವರು ಎಂದೂ ಉಪದೇಶ ಮಾಡಿರಲಿಲ್ಲ. ಒಂದು ಸಲ ಕಂಪ್ಲಿಯಿಂದ ಬಂಡಿಯಲ್ಲಿ ಬರುವಾಗ ಊರವರೇ ತಡೆದು, ಎಲ್ಲ ಊರಿಗೂ ಹೇಳ್ತೀ, ಹುಟ್ಟಿದ ಊರು ಏನು ಪಾಪ ಮಾಡೈತಿ ಎಂದು ಕೇಳಿದರು. ನಾಟಿ ಮುಗಿದ ದಿನಗಳು, ಜನಕ್ಕೆ ಬಿಡುವಿತ್ತು. ಬೇವಿನ ಕಟ್ಟೆಯ ಸುತ್ತ ಗಂಡಸರು ಕೂತರು. ಹೆಂಗಸರ ಗುಂಪಿನಲ್ಲಿ ನನ್ನ ಪಕ್ಕಕ್ಕೇ ಅತ್ತೆ ಬಂದು ಕೂತರು.

ಇವರು ಚೆನ್ನಾಗಿಯೇ ಮಾತಾಡಿದರು. ದೇವರ ಮನೆಯಲ್ಲಿ ಒಂದೇ ಪಂಕ್ತಿ, ಆ ಪಂಕ್ತಿಗೆ ಯಾರು ಬಂದರೂ ಜಾಗವಿದೆ, ತಂದೆ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದಾನೆ ಎಂದರು. ಆಗ ಅತ್ತೆ ಕೂತಲ್ಲಿಂದಲೇ ಕೇಳಿದರು.

"ನಿಮ್ಮ ದೇವರು ಎಲ್ಲಾರ್ನೂ ಕರೀತಾನ ಅಂತಿ. ನೀ ನನ್ನ ಯಾವತ್ತರ ಕರದೀಯೇನಪಾ?"

ಕೂತವರೆಲ್ಲ ಅತ್ತೆಯ ಕಡೆ ತಿರುಗಿದರು. ಇವರು ತಡವರಿಸಿ, "ನೀ ಒಲ್ಲೆ ಅಂತೀ ಅಂತ ಗೊತ್ತಿತ್ತಲ್ಲವ್ವಾ" ಎಂದರು.

"ಒಲ್ಲೆ ಅನ್ನಾಕಿ ನಾನು. ಅದನ್ನ ನನಗ ಬಿಡಬೇಕಿತ್ತು. ನಾ ಬಾಗಲದಾಗ ಕಾಲಿಡೂಕಿಂತ ಮದ್ಲ ಹಿತ್ತಲದಾಗ ಕಲ್ಲು ಹೂಡಿರ್ತಿದ್ದಿ."

ನೂರಾರು ಊರುಗಳಲ್ಲಿ ಯಾವ ಪ್ರಶ್ನೆಗೂ ಸೋಲದವರು ಇಲ್ಲಿ ತಾಯಿಗೆ ಸೋತರು. ಗೌರವವೆಂದುಕೊಂಡು ಇಷ್ಟು ವರ್ಷ ಮಾಡಿದ್ದು ತಾಯಿಯ ಕಣ್ಣಿಗೆ ಹೊರಗಿಟ್ಟಂತೆ ಕಂಡಿತ್ತೆಂದು ಇವರಿಗೆ ಆಗ ಗೊತ್ತಾಯಿತು. ನನಗೂ ಆಯಿತು. ಉಪದೇಶ ಅಲ್ಲಿಗೇ ನಿಂತಿತು. ಇವರು ಕಟ್ಟೆ ಇಳಿದು ಬಂದು, ಎಲ್ಲರೆದುರಿಗೇ ತಾಯಿಯ ಮುಂದೆ ಮಂಡಿಯೂರಿ ಕೂತರು.

"ಅವ್ವಾ, ನಮ್ಮನಿಗೆ ಊಟಕ್ಕ ಬಾ."

ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟರು. "ಒಲ್ಲೆನಪಾ. ನನ್ನ ನೇಮ ಬಿಡಾಕ ಆಗಂಗಿಲ್ಲ. ಆದ್ರ ಕರದ್ಯಲ್ಲ, ಭಾಳ ಛಲೋ ಆತು."

ಇವರು ಮಗುವಿನಂತೆ ಅತ್ತರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ನನ್ನ ಕಡೆ ತಿರುಗಿದರು. ನಾನೂ ಒಂದು ದಿನವಾದರೂ ಕರೆದವಳಲ್ಲ. ಅವರ ನೇಮವನ್ನು ಜಂಬವೆಂದು ಎಣಿಸಿ, ನನ್ನ ಜಂಬವನ್ನು ಕಾಯ್ದುಕೊಂಡಿದ್ದೆ. ಸೆರಗು ಸರಿಸಿ ಹೇಳಿದೆ.

"ಅತ್ತೀ, ನೀವು ನಮ್ಮನ್ಯಾಗ ಉಣ್ಣಾಕ ಬರ್ರಿ."

"ಒಲ್ಲೆನವ್ವಾ" ಎಂದರು ಅತ್ತೆ, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು. "ಮುಂದಿನ ಸಂತಿಗೆ ಬರ್ತೀನಿ. ಆಗೂ ಕರೀ."