ಕೈ ಎತ್ತದ ಯಾಕಮ್ಮ

ನನ್ನ ದೊಡ್ಡಮ್ಮ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಯಾವ ರಾಜ ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ ಎಂದು ಅವರು ಕೇಳಿದ್ದನ್ನು ನಾನು ಕಾಣೆ. ಯಾರಾದರೂ ಬಾಯಿಪಾಠ ಮಾಡಿದ್ದನ್ನು ಗಡಗಡನೆ ಒಪ್ಪಿಸಿದರೆ ಸೀಮೆಸುಣ್ಣ ಕೆಳಗಿಟ್ಟು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, ‘ಯಾಕೆ?’ ಎನ್ನುತ್ತಿದ್ದರು. ಹಾಗಾಗಿ ಅವರಿಗೆ ‘ಯಾಕಮ್ಮ’ ಎಂಬ ಹೆಸರು ಅಂಟಿಕೊಂಡಿತು. ಅದು ಅವರಿಗೂ ಗೊತ್ತಿತ್ತು. ‘ಸಾಕಮ್ಮ ಅಂತ ಇಟ್ಟಿಲ್ಲವಲ್ಲ, ಸದ್ಯ’ ಎಂದು ನಗುತ್ತಿದ್ದರು.

ನಾನು ಓದಲೆಂದು ಅವರ ಮನೆಯಲ್ಲಿದ್ದೆ. ಕೆಳಗೆ ದೊಡ್ಡಪ್ಪನ ಕನ್ನಡಕದ ಅಂಗಡಿ, ಮೇಲೆ ಮನೆ. ಅವರಿಗೆ ಮಕ್ಕಳಿರಲಿಲ್ಲ. ಮಂಚದ ಕೆಳಗೂ ಕಿಟಕಿಯ ಕಟ್ಟೆಯ ಮೇಲೂ ಪುಸ್ತಕಗಳಿದ್ದವು. ಭಾನುವಾರ ಮೂವರೂ ಸುವಾರ್ತಾ ಸಭೆಯ ಆರಾಧನೆಗೆ ಹೋಗುತ್ತಿದ್ದೆವು. ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಬಾಡಿಗೆಗೆ ಹಿಡಿದ ಒಂದು ಹಳೆಯ ಉಗ್ರಾಣದಲ್ಲೇ ಕೂಡುತ್ತಿದ್ದೆವು. ಅಲ್ಲಿ ಹಾರ್ಮೋನಿಯಂ ನುಡಿಸುವವರು ದೊಡ್ಡಪ್ಪ.

ಸಭೆಯ ಹಿರಿಯರಿಗೆ ರಾಜಕೀಯವೆಂದರೆ ಕೆಸರು. ‘ನಾವು ಪರಲೋಕಕ್ಕೆ ಹೋಗೋ ಯಾತ್ರಿಕರಮ್ಮ, ಊರ ಉಸಾಬರಿ ನಮಗ್ಯಾಕೆ?’ ಎನ್ನುತ್ತಿದ್ದರು ಬಟ್ಟೆ ಅಂಗಡಿಯ ಹಿರಿಯರು.

‘ಹೋಗೋವರೆಗೂ ಇಲ್ಲಿನ ನೀರೇ ಕುಡೀಬೇಕಲ್ಲ ಅಣ್ಣ. ನಲ್ಲಿ ಕೆಟ್ಟರೆ ಯಾರು ನೋಡ್ಬೇಕು?’ ಎಂದು ದೊಡ್ಡಮ್ಮ ಕೇಳುತ್ತಿದ್ದರು.

ಶನಿವಾರ ಮಧ್ಯಾಹ್ನ ಅಂಥ ಪ್ರಶ್ನೆಗಳಿಗೆಂದೇ ಮನೆಯಲ್ಲಿ ನಾಲ್ಕಾರು ಜನ ಸೇರುತ್ತಿದ್ದರು. ಎಲ್ಲರೂ ವಿಶ್ವಾಸಿಗಳು, ಓದಿಕೊಂಡವರು. ಹಿಂದಿನ ವಿಶ್ವಾಸಿಗಳು ತೆರೆದ ಶಾಲೆಗಳ ಬಗ್ಗೆ ಒಂದು ವಾರ ಮಾತಾಡಿದರೆ, ಮನುಷ್ಯರನ್ನು ಮಾರುವ ವ್ಯಾಪಾರಿಗಳು ಮುಂದಿನ ಬೆಂಚಿನಲ್ಲಿ ಕೂತಿದ್ದಾಗ ತುಟಿ ಬಿಚ್ಚದ ಬೋಧಕರ ಬಗ್ಗೆ ಮರುವಾರ. ಎರಡೂ ನಮ್ಮದೇ ಕಥೆ ಎನ್ನುವುದು ದೊಡ್ಡಮ್ಮನ ಹಟ. ವಾದದಲ್ಲಿ ಸೋತವರು ಕೊನೆಯ ಪ್ರಾರ್ಥನೆ ಮಾಡಬೇಕೆಂಬ ರೂಢಿ ಅಲ್ಲಿತ್ತು. ಸದಾ ಸೋಲುತ್ತಿದ್ದವರು ಅರ್ಥಶಾಸ್ತ್ರದ ಪ್ರೊಫೆಸರ್. ಅವರು ಕಣ್ಣು ಮುಚ್ಚಿ, ಬಿಟ್ಟುಹೋದ ವಾದವನ್ನೆಲ್ಲ ದೇವರ ಮುಂದೆ ನಿಧಾನವಾಗಿ ಮಂಡಿಸುತ್ತಿದ್ದರು. ಪ್ರಾರ್ಥನೆಯ ನಡುವೆ ಎದುರಾಡುವಂತಿಲ್ಲವಲ್ಲ! ದೊಡ್ಡಮ್ಮ ಹಲ್ಲು ಕಚ್ಚಿಕೊಂಡು ‘ಆಮೆನ್’ ಅನ್ನುತ್ತಿದ್ದರು. ಈಗಲೂ ಶನಿವಾರ ಮಧ್ಯಾಹ್ನ ಎಲ್ಲಾದರೂ ಕುರ್ಚಿ ಎಳೆಯುವ ಸದ್ದು ಕೇಳಿದರೆ ನನ್ನ ಮನಸ್ಸು ಆ ಕೋಣೆಗೆ ಓಡುತ್ತದೆ.

ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ‘ಒಳ್ಳೆಯವರು ಸಾರ್ವಜನಿಕ ಕೆಲಸಕ್ಕೆ ಬರಬೇಕು ಅಂತೀರಿ. ನೀವೇ ಬಂದಿಲ್ಲವಲ್ಲ ಮೇಡಂ, ಯಾಕೆ?’ ಎಂದಳು. ಮನೆಗೆ ಬಂದು ಊಟಕ್ಕೆ ಕೂತಾಗಲೂ ದೊಡ್ಡಮ್ಮನಿಗೆ ಅದೇ ಗುಂಗು. ಆ ವರ್ಷ ಪುರಸಭೆ ಚುನಾವಣೆಗೆ ನಿಂತೇಬಿಟ್ಟರು. ದೊಡ್ಡಪ್ಪ ಗೊಣಗುತ್ತಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೀದಿ ಬೀದಿ ಸುತ್ತಿಸಿದರು. ದೊಡ್ಡಮ್ಮ ಗೆದ್ದಾಗ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಸ್ತೋತ್ರ ಹೇಳಿದವರು ಬಟ್ಟೆ ಅಂಗಡಿಯ ಹಿರಿಯರೇ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಹಳೇ ಮಾರುಕಟ್ಟೆಯಲ್ಲಿ ತಗಡಿನ ಸೂರಿನ ಕೆಳಗೆ ತರಕಾರಿ, ಹಳೆ ಪಾತ್ರೆ, ಹಳೆ ಬಟ್ಟೆ ಮಾರುವವರನ್ನು ಎಬ್ಬಿಸಿ, ಆ ಜಾಗದ ಅರ್ಧವನ್ನು ನಮ್ಮ ಸಭೆಗೆ ಕೊಡುತ್ತೇನೆಂದು ಪುರಸಭೆಯ ಅಧ್ಯಕ್ಷರು ಹೇಳಿಕಳಿಸಿದರು. ಅವರಿಗೆ ಬೇಕಿದ್ದದ್ದು ಮುಂದಿನ ಚುನಾವಣೆಗೆ ನಮ್ಮವರ ವೋಟು. ಪಾಸ್ಟರ್ ಅಯ್ಯನವರು ಭಾನುವಾರ ಅದನ್ನು ಪ್ರಾರ್ಥನೆಗೆ ಸಿಕ್ಕ ಉತ್ತರವೆಂದು ಸಾರಿದರು. ಹೆಂಗಸರು ಕಣ್ಣೊರೆಸಿಕೊಂಡರು. ದೊಡ್ಡಮ್ಮ ತಲೆ ಎತ್ತಲಿಲ್ಲ.

ಸಂಜೆ ಹಿರಿಯರ ಕೂಟಕ್ಕೆ ಅವರಾಗಿಯೇ ಹೋದರು. ನನ್ನನ್ನೂ ಜೊತೆಗೆ ಕರೆದುಕೊಂಡಿದ್ದರು.

‘ನಮ್ಮ ಸಭೆಗೆ ಈ ಊರಲ್ಲಿ ಯಾರೂ ಜಾಗ ಕೊಡದೆ ಇದ್ದಾಗ, ಭಾನುವಾರ ಬೆಳಿಗ್ಗೆ ತಮ್ಮ ಸಾಮಾನು ಪಕ್ಕಕ್ಕಿಟ್ಟು ಜಾಗ ಬಿಟ್ಟವರು ಆ ಮಾರುಕಟ್ಟೆಯವರು. ವಯಸ್ಸಾದವರನ್ನ ಕೂರಿಸಿಕೊಂಡು ಕೇಳಿದೀನಿ. ನಮ್ಮ ಮೊದಲ ಕೀರ್ತನೆ ಆ ತಗಡಿನ ಕೆಳಗೇ ಹಾಡಿದ್ದು’ ಎಂದರು.

‘ಅದು ಆ ಕಾಲ ಬಿಡಮ್ಮ’ ಎಂದರು ಬಟ್ಟೆ ಅಂಗಡಿಯ ಹಿರಿಯರು.

‘ಅವರ ಮಕ್ಕಳು ಇನ್ನೂ ಅಲ್ಲೇ ಕೂತಿದಾರೆ ಅಣ್ಣ. ನಾವು ಮಾತ್ರ ಎದ್ದು ಬಂದಿದೀವಿ.’

ಪಾಸ್ಟರ್ ಅಯ್ಯನವರಿಗೆ ಸಿಟ್ಟು ಬಂತು. ‘ದೇವರು ಕೊಡ್ತಿರೋದನ್ನ ಬೇಡ ಅನ್ನೋಕೆ ನೀವ್ಯಾರು?’

‘ದೇವರು ತನ್ನ ಕೈಯಿಂದ ಕೊಡ್ತಾನೆ ಅಯ್ಯ. ಇನ್ನೊಬ್ಬರ ತಟ್ಟೆಯಿಂದ ಕಿತ್ತು ಕೊಡಲ್ಲ.’

ಪುರಸಭೆಯಲ್ಲಿ ಆ ಜಾಗದ ಠರಾವು ಬಂದ ದಿನ ಅಧ್ಯಕ್ಷರು, ಪರವಾಗಿರುವವರು ಕೈ ಎತ್ತಿ ಎಂದರು. ದೊಡ್ಡಮ್ಮನ ಎರಡೂ ಕೈ ಮಡಿಲಲ್ಲೇ ಇದ್ದವು. ಜಾಗ ಸಿಗಬೇಕಾದ ಸಭೆಯವರೇ ಬೇಡವೆಂದ ಮೇಲೆ ಉಳಿದ ಸದಸ್ಯರೂ ಹಿಂಜರಿದರು. ಠರಾವು ಬಿದ್ದುಹೋಯಿತು.

ಮುಂದಿನ ಭಾನುವಾರದಿಂದ ನಮ್ಮ ಬೆಂಚಿನಲ್ಲಿ ಕಾಲು ಚಾಚಿ ಕೂರುವಷ್ಟು ಜಾಗವಾಯಿತು. ಸ್ವಲ್ಪ ದಿನಕ್ಕೆ, ‘ನೀವು ವಿಶ್ರಾಂತಿ ತಗೊಳ್ಳಿ’ ಎಂದು ದೊಡ್ಡಪ್ಪನ ಕೈಯಿಂದ ಹಾರ್ಮೋನಿಯಂ ಬಿಡಿಸಿದರು. ಅಷ್ಟು ದಿನ ಎದೆಗೊಟ್ಟು ನಿಂತಿದ್ದ ದೊಡ್ಡಮ್ಮ ಅವತ್ತು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತರು.

‘ನನ್ನಿಂದ ನಿಮಗೆ ಹೀಗಾಯ್ತು.’

ದೊಡ್ಡಪ್ಪ ಗಾಜು ಒರೆಸುತ್ತಲೇ ಇದ್ದರು. ‘ನಿಜ ಹೇಳ್ಲಾ? ನಾನಾಗಿದ್ರೆ ಜಾಗ ತಗೊಳ್ತಿದ್ದೆ.’ ಆಮೇಲೆ ಗಾಜನ್ನು ಬೆಳಕಿಗೆ ಹಿಡಿದು, ‘ಆದ್ರೆ ನೀನು ಕೈ ಎತ್ತಿ ಬಂದಿದ್ರೆ ನಿನಗೆ ನಿದ್ದೆ ಬರ್ತಿರಲಿಲ್ಲ. ನಿನಗೆ ಬರದಿದ್ರೆ ನನಗೂ ಬರಲ್ಲ. ಹೋಗ್ಲಿ ಬಿಡು’ ಎಂದರು.

ಬೇರೆ ಸಭೆಗೆ ಬನ್ನಿ ಎಂದು ಕರೆದವರಿದ್ದರು. ಇಬ್ಬರೂ ಹೋಗಲಿಲ್ಲ. ಜಗಳ ಆಯಿತೆಂದು ಮನೆ ಬಿಡುತ್ತಾರೆಯೇ ಎನ್ನುತ್ತಿದ್ದರು. ಶನಿವಾರಕ್ಕೆ ಮಾತ್ರ ಪ್ರೊಫೆಸರ್ ಒಬ್ಬರೇ ಬರುತ್ತಿದ್ದರು. ಗೆಲ್ಲುವುದಕ್ಕೆ ಈಗ ಸುಲಭ ಎಂದು ತಮಾಷೆ ಮಾಡುತ್ತಿದ್ದರು. ಆಗಲೂ ಸೋಲುತ್ತಿದ್ದರು.

ಹಾಗಿರುವಾಗ ಮಾರುಕಟ್ಟೆಯಲ್ಲಿ ಪಾತ್ರೆ ಮಾರುವ ಮುದುಕಿ ತೀರಿಕೊಂಡಳು. ಅವಳ ಮಗ ಉಗ್ರಾಣದ ಬಾಗಿಲಿಗೆ ಬಂದು, ನಿಮ್ಮ ಹಾಡು ನಮ್ಮಮ್ಮನಿಗೆ ಚಿಕ್ಕಂದಿನಿಂದ ಬರುತ್ತಿತ್ತು, ಬಂದು ಒಂದು ಪ್ರಾರ್ಥನೆ ಮಾಡಿ ಎಂದು ಪಾಸ್ಟರ್ ಅಯ್ಯನವರನ್ನು ಕೇಳಿದ. ಅಯ್ಯನವರು ಹೋಗಿ ಆ ತಗಡಿನ ಕೆಳಗೆ ನಿಂತು ಪ್ರಾರ್ಥಿಸಿ ಬಂದರು. ಆ ವಾರ ಶನಿವಾರ ನಮ್ಮ ಮೆಟ್ಟಿಲು ಹತ್ತಿ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

‘ಅವತ್ತು ನಾನು ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ಮೊದಲಿಂದ ಹೇಳಿ’ ಎಂದರು.

ದೊಡ್ಡಮ್ಮ ಹೇಳುತ್ತಾ ಹೋದರು. ಎರಡು ಸಲ ಟೀ ಆಯಿತು. ಮುಂದೆ ಒಂದು ಭಾನುವಾರ ಅಯ್ಯನವರು ಅವರಿಂದ ಅದನ್ನೇ ಇಡೀ ಸಭೆಗೆ ಹೇಳಿಸಿದರು. ಮಾರುಕಟ್ಟೆಯವರೂ ಕೆಲವರು ಬಂದು ಹಿಂದೆ ನಿಂತಿದ್ದರು.

ಮುಂದಿನ ಚುನಾವಣೆಯಲ್ಲಿ ದೊಡ್ಡಮ್ಮ ಸೋತರು. ಮಾರುಕಟ್ಟೆಯವರ ವೋಟೆಲ್ಲ ಬೇರೆ ವಾರ್ಡಿನಲ್ಲಿತ್ತು. ‘ಪಾಠ ಮಾಡೋಳಿಗೆ ಈ ಲೆಕ್ಕ ಹೊಳೀಲಿಲ್ಲ ನೋಡು’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಭೆ ಕೊನೆಗೂ ಊರಾಚೆ ಒಂದು ಸಣ್ಣ ತುಂಡು ನೆಲ ಕೊಂಡು ಕಟ್ಟಡ ಎಬ್ಬಿಸಿತು. ಅದರ ಪ್ರತಿಷ್ಠೆಯ ದಿನ ದೊಡ್ಡಮ್ಮ ಅಂಗಳದ ತುದಿಯಲ್ಲಿ ಕೂತಿದ್ದರು. ಬಟ್ಟೆ ಅಂಗಡಿಯ ಹಿರಿಯರು ಅವರೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವತ್ತು ಒಂದು ಕುರ್ಚಿ ಎತ್ತಿಕೊಂಡು ಬಂದು ನೆರಳಿಗೆ ಇಟ್ಟು, ‘ಬಿಸಿಲಲ್ಲಿ ಯಾಕಮ್ಮ ಕೂತಿದೀಯ, ಈ ಕಡೆ ಬಾ’ ಎಂದರು.

ದೊಡ್ಡಮ್ಮ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಂಡಿನೋವಿನ ಬಗ್ಗೆ ಮಾತಾಡಿದರು.