ದುಡ್ಡೇನ್ ಬೇಡ ಬುಡಿ

ನಮ್ಮ ಒಬ್ಬಟ್ಟಿನ ವ್ಯಾಪಾರ ಮುಳುಗುವ ಹಾಗಾದದ್ದು ಗ್ರಹಚಾರದಿಂದಲ್ಲ, ನನ್ನ ಬಾಯಿಂದ. ಮನೆಯವರು ಏನೇ ಸಮಾಧಾನ ಹೇಳಲಿ, ನಡೆದದ್ದು ಅಷ್ಟೇ.

ಸೊಸೆ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುವಳು. ಸಾಕಾಗಿ ಅದನ್ನು ಬಿಟ್ಟು, ಚಾಮರಾಜಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತೇನೆ ಎಂದಳು. ಅವಳು ಒಲೆ ಮುಂದೆ, ನಾನು ಬಾಗಿಲಲ್ಲಿ. ಎಡವಟ್ಟಾದದ್ದು ಬಾಗಿಲಲ್ಲೇ.

ನಮ್ಮಲ್ಲೊಂದು ಮರ್ಯಾದೆ ಇದೆ. ಗೊತ್ತಿದ್ದವರು ತಿಂಡಿ ಕಟ್ಟಿಸಿಕೊಂಡು ಪರ್ಸ್ ತೆಗೆದರೆ ನಾವು "ಅಯ್ಯೋ, ದುಡ್ಡೇನ್ ಬೇಡ ಬುಡಿ" ಅನ್ನಬೇಕು. ಅವರು "ಛೆ ಛೆ, ಈಸ್ಕೊಳಿ" ಅನ್ನಬೇಕು. ಮೂರನೇ ಸಲಕ್ಕೆ ನಾವು ಮುಖ ಆ ಕಡೆ ತಿರುಗಿಸಿ ಈಸಿಕೊಳ್ಳಬೇಕು. ನನ್ನ ಅತ್ತೆ ಕಲಿಸಿದ್ದು ಹಾಗೆ. ಈಗಿನ ಜನಕ್ಕೆ ಮೂರು ಸಲ ಹೇಳುವಷ್ಟು ಪುರಸೊತ್ತೆಲ್ಲಿ? ನಾನು ಒಂದು ಸಲ ಬೇಡ ಅಂದರೆ ಸಾಕು, ಪರ್ಸ್ ಒಳಗೆ. ಮಾರನೇ ದಿನ ನಾವು ಒಬ್ಬಟ್ಟು ಹಾಕಿಕೊಟ್ಟ ಡಬ್ಬಿ ಮಾತ್ರ ವಾಪಸ್ಸು ಬರುತ್ತಿತ್ತು. ಖಾಲಿ ಡಬ್ಬಿ ಕೊಡಬಾರದಲ್ಲ, ಅದಕ್ಕೆ ಒಳಗೊಂದು ಹಿಡಿ ಸಕ್ಕರೆ.

ಎರಡು ತಿಂಗಳಲ್ಲಿ ಮನೆ ತುಂಬ ಸಕ್ಕರೆಯಾಯಿತು, ಬೇಳೆ ತರಲು ಕಾಸಿಲ್ಲ. ನಾವು ಒಬ್ಬಟ್ಟಿಗೆ ಹಾಕುವುದೋ ಬೆಲ್ಲ.

ಸೊಸೆ ಜಗಳವಾಡುವವಳಲ್ಲ. ಒಂದು ಮಧ್ಯಾಹ್ನ ಕಾವಲಿ ತೊಳೆದು ಗೋಡೆಗೆ ಒರಗಿಸಿ, "ಅತ್ತೆ, ಒಂದನೇ ತಾರೀಖಿಂದ ಬಟ್ಟೆ ಅಂಗ್ಡಿಗೆ ವಾಪಸ್ ಬಾ ಅಂದವ್ರೆ. ಹೋಯ್ತೀನಿ" ಎಂದಳು.

"ಜನ ಅಷ್ಟೊಂದು ಹೊಗಳ್ತಾವ್ರಲ್ಲೇ!"

"ಹೊಗಳಿಕೇಲಿ ಬೇಳೆ ಬೇಯಲ್ಲ ಅತ್ತೆ."



ಅವತ್ತೇ ಸಂಜೆ ಪಕ್ಕದ ಮನೆಯಾಕೆ ಬಂದರು. ಚರ್ಚಿಗೆ ಹೋಗುವವರು, ಕ್ರಿಸ್‌ಮಸ್‌ಗೆ ಕೇಕು ಮಾಡಿ ಮಾರುವವರು. ನಮ್ಮದು ಮೂವತ್ತು ವರ್ಷದ ಸ್ನೇಹ. ಆದರೂ ಹಿಂದಿನ ಡಿಸೆಂಬರಿನಲ್ಲಿ ನನ್ನ ಹತ್ತಿರ ಕೇಕಿಗೆ ಪೂರ್ತಿ ದುಡ್ಡು ಈಸಿಕೊಂಡಿದ್ದರು, ಅದೂ ನಗುನಗುತ್ತಾ. ಆ ಸಿಟ್ಟಿಗೆ ಸಂಕ್ರಾಂತಿವರೆಗೂ ನಾನು ಮುಖ ಊದಿಸಿಕೊಂಡಿದ್ದೆ. ಈಗ ಹತ್ತು ಒಬ್ಬಟ್ಟು ಕೇಳಿದರು. ಕಟ್ಟಿಕೊಟ್ಟೆ. ನೋಟು ತೆಗೆದರು.

"ದುಡ್ಡೇನ್ ಬೇಡ ಬುಡಿ."

ಆಕೆ ಪೊಟ್ಟಣವನ್ನು ಜಗಲಿಯ ಮೇಲೆ ಇಟ್ಟುಬಿಟ್ಟರು. "ಅಂಗಾದ್ರೆ ನಂಗೆ ಬ್ಯಾಡ. ಪುಕ್ಸಟ್ಟೆ ಈಸ್ಕೊಂಡ್ರೆ ಇನ್ನೊಂದ್ಸಲ ಎಂಗ್ ಕೇಳದು? ನಿಮ್ ಮನೆ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡ್ಲಾ?"

"ನಿಮ್ ಹತ್ರ ದುಡ್ಡು ಕೇಳದಾ ನಾನು?"

"ನಾನು ನಮ್ಮಣ್ಣನ ಹತ್ರಾನೇ ಈಸ್ಕೊತೀನಿ ಕಣ್ರೀ, ನಿಮ್ಮನ್ ಬುಟ್ನಾ? ಬಾಯ್ಬುಟ್ಟು ರೇಟ್ ಹೇಳಿ."

ಒಳಗೆ ಸೊಸೆ ಕಿಸಕ್ಕೆಂದಳು. "ಒಂದಕ್ಕೆ ಇಪ್ಪತ್ತೈದು" ಎಂದೆ. ಆಕೆ ದುಡ್ಡು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. "ಆಕಾಶ ಬಿತ್ತಾ? ಇನ್ನೊಂದು. ಭಾನುವಾರ ನಮ್ಮನೇಗೆ ನೆಂಟ್ರು ಬತ್ತಾರೆ, ಐವತ್ತು ಬೇಕು. ನೀವು ದುಡ್ಡು ಬೇಡ ಅಂತೀರ ಅಂತ ಇಷ್ಟ್ ದಿನ ಕೇಳಕ್ಕಾಗದೆ ಸುಮ್ನಿದ್ದೆ."

ಬಿಟ್ಟಿ ಕೊಟ್ಟು ನಾನು ತಿನ್ನುವವರನ್ನು ಕರೆದಿದ್ದೆ, ಕೊಳ್ಳುವವರನ್ನು ಓಡಿಸಿದ್ದೆ. ದೊಡ್ಡ ಗುಣ ಅಂದುಕೊಂಡಿದ್ದೆನಲ್ಲ, ಅದು ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲ. ಅದರ ಖರ್ಚನ್ನು ಸೊಸೆ ತನ್ನ ಊದಿದ ಕಾಲಲ್ಲಿ ನಿಂತು ತೀರಿಸಬೇಕಿತ್ತು.

"ಒಂದ್ನೇ ತಾರೀಖು ಎಲ್ಲೂ ಹೋಗ್ಬೇಡ ಕಣಮ್ಮ" ಎಂದೆ.

"ನಾಳೆ ಬಾಗ್ಲಲ್ಲಿ ನೀವೇನಂತೀರ ನೋಡ್ಕೊಂಡು ಹೇಳ್ತೀನಿ" ಎಂದಳು. ಹುಷಾರು ಹುಡುಗಿ.

ಮಾರನೇ ದಿನ ಬೆಳಿಗ್ಗೆ ರಂಗೋಲಿ ಹಾಕಿದ ಮೇಲೆ ಮೊಮ್ಮಗಳ ಸ್ಲೇಟು ತಂದು ದಪ್ಪಗೆ ರೇಟು ಬರೆದೆ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ ಅಂಕಿ ಮರೆತಿಲ್ಲ. ಬಾಗಿಲಿಗೆ ನೇತುಹಾಕಿದೆ. ಮೊದಲ ಗಿರಾಕಿಯಾಗಿ ಬಂದವಳು ದಟ್ಟಗಳ್ಳಿಯಲ್ಲಿರುವ ನನ್ನ ಒಡಹುಟ್ಟಿದ ತಂಗಿ. ಇಪ್ಪತ್ತು ಒಬ್ಬಟ್ಟು ಕಟ್ಟಿಕೊಟ್ಟು ಕೈ ಚಾಚಿದೆ.

"ಅಕ್ಕಾ, ನನ್ ಹತ್ರಾನಾ!"

ಸ್ಲೇಟು ತೋರಿಸಿದೆ. ಗೊಣಗುತ್ತಾ ಕೊಟ್ಟಳು. ಒಳಗೆ ಸೊಸೆ ಕಾವಲಿಯನ್ನು ಮತ್ತೆ ಒಲೆಗೆ ಏರಿಸಿದ ಸದ್ದಾಯಿತು.

"ಸಕ್ಕರೆ ಬೇಕಾದ್ರೆ ತಗೊಂಡೋಗು" ಎಂದೆ ತಂಗಿಗೆ. "ಅದಕ್ಕೇನ್ ದುಡ್ಡು ಬೇಡ ಬುಡು."