ಹನ್ನೊಂದು ಸಲ ಸತ್ತ ಸಂಜೆ

ಬಸ್ಸು ನಿಲ್ಲುವುದಕ್ಕೆ ಇನ್ನೂ ಅರ್ಧ ಫರ್ಲಾಂಗು ಇರುವಾಗಲೇ ಸೀಟಿನಿಂದೆದ್ದು, ಚೀಲವನ್ನು ಹೆಗಲಿಗೇರಿಸಿ, ಬಾಗಿಲ ಸರಳು ಹಿಡಿದು ನಿಲ್ಲುವವರನ್ನು ನೀವು ನೋಡಿರುತ್ತೀರಿ. ಹಾಗೆ ನಿಂತರೆ ಬಸ್ಸೇನೂ ಬೇಗ ತಲುಪುವುದಿಲ್ಲವೆಂಬುದು ಅವರಿಗೆ ತಿಳಿಯದ್ದಲ್ಲ. ಆದರೆ ತಿಳಿವಳಿಕೆಗೂ ಕಾಲುಗಳಿಗೂ ಅವರ ದೇಹದಲ್ಲಿ ಮಾತುಕತೆ ಇರುವುದಿಲ್ಲ. ನಾನು ಆ ಪಂಗಡದ ಹಿರಿಯ ಸದಸ್ಯ. ಗೋಕಾಕದ ಮನೆಯಿಂದ ಮೂಡಲಗಿಯ ಕಾಲೇಜಿಗೆ ಪಾಠ ಹೇಳಲು ದಿನಾ ಹೋಗಿಬರುತ್ತಿದ್ದ ವರ್ಷಗಳಲ್ಲಿ ಒಮ್ಮೆಯಾದರೂ ಊರು ಬರುವತನಕ ಕುಳಿತಿದ್ದ ನೆನಪಿಲ್ಲ. ಹೆಂಡತಿಯ ತವರು ಹುಕ್ಕೇರಿಗೆ ಹೋದಾಗಲೂ ಅದೇ ಕಥೆ. ಮಾವನವರು ‘ಕುಂಡ್ರಿ, ಚಾ ಆಗಾಕತ್ತೈತಿ’ ಎನ್ನುವಷ್ಟರಲ್ಲಿ ನಾನು ಅವರ ಅಂಗಳ, ಹಿತ್ತಲು, ಬಾವಿಕಟ್ಟೆಗಳನ್ನೆಲ್ಲ ಸುತ್ತಿ ಬಂದಿರುತ್ತಿದ್ದೆ. ಅಳಿಯನದು ಏನೋ ಕಳೆದುಹೋಗಿರಬೇಕೆಂದು ಆ ಮನೆಯವರು ಬಹುಕಾಲ ನಂಬಿದ್ದರು.

ಇಂಥವನ ಮನೆಗೆ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಒಂದು ಕಂಪ್ಯೂಟರು ಬಂತು. ಪ್ರಶ್ನಪತ್ರಿಕೆ ಸಿದ್ಧಪಡಿಸುವ ಪವಿತ್ರ ಉದ್ದೇಶ ಹೇಳಿ ಘಟಪ್ರಭಾದಿಂದ ಹಳೆಯದೊಂದನ್ನು ತಂದಿದ್ದೆ. ಅದನ್ನು ಟೇಬಲ್ಲಿನ ಮೇಲೆ ಕೂರಿಸಿದ ವಾರದಲ್ಲೇ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ‘ಇದನ್ನೊಂದೀಟು ಹಾಕಿ ನೋಡ್ರಿ ಸರ್’ ಎಂದು ಒಂದು ಸೀಡಿ ಕೈಗಿತ್ತರು. ಅದರೊಳಗೆ ಒಂದು ದೂರದ ಗ್ರಹವಿತ್ತು. ಆ ಗ್ರಹದಲ್ಲೊಂದು ಹಾಳುಬಿದ್ದ ಗಣಿ. ಗಣಿಯ ಕಬ್ಬಿಣದ ಓಣಿಗಳ ತುಂಬ ಎಂಟು ಕಾಲಿನ, ಮೂರು ಕಣ್ಣಿನ, ಯಾವ ಪುರಾಣಕ್ಕೂ ಸೇರದ ವಿಚಿತ್ರ ಪ್ರಾಣಿಗಳು. ಆಡುವವನ ಮುಖವೇ ಕಾಣದು. ಕೈಯಲ್ಲಿನ ಬಂದೂಕು ಮಾತ್ರ ಕಾಣುತ್ತದೆ. ಓಡಬೇಕು, ಹೊಡೆಯಬೇಕು, ಮತ್ತೆ ಓಡಬೇಕು. ಕ್ಷಣಮಾತ್ರ ನಿಂತಿರೋ, ನಿಮ್ಮ ಕಥೆ ಮುಗಿಯಿತು.

ನಿಂತವನಿಗೆ ಉಳಿಗಾಲವಿಲ್ಲದ ಆ ಲೋಕ ನನಗಾಗಿಯೇ ಸೃಷ್ಟಿಯಾದಂತಿತ್ತು. ಹುಟ್ಟಿದಾರಭ್ಯ ಎಲ್ಲರೂ ದೂಷಿಸುತ್ತ ಬಂದ ನನ್ನ ಅವಸರವೇ ಅಲ್ಲಿ ಸದ್ಗುಣ. ನಾಲ್ಕಕ್ಕೆ ಮನೆ ಸೇರಿ, ಕಾಲು ತೊಳೆಯುವ ಶಾಸ್ತ್ರವನ್ನೂ ಬಿಟ್ಟು, ಆರರ ಹತ್ತಿರದವರೆಗೆ ಆ ಗಣಿಯಲ್ಲಿ ಧಾವಿಸುತ್ತಿದ್ದೆ. ಒಂದೊಂದು ಘಟ್ಟ ಮುಗಿದಾಗಲೂ ಎಷ್ಟು ಪ್ರಾಣಿಗಳನ್ನು ಕೊಂದೆನೆಂದು ಪರದೆಯ ಮೇಲೆ ಲೆಕ್ಕ ಮೂಡುತ್ತಿತ್ತು. ಅದನ್ನು ನಾನು ಪರೀಕ್ಷೆಯ ಫಲಿತಾಂಶ ಓದುವವನ ಗತ್ತಿನಲ್ಲಿ ‘ಇಪ್ಪತ್ತಾರು!’ ಎಂದು ಕೂಗಿ ಹೇಳುತ್ತಿದ್ದೆ. ನನ್ನನ್ನೇ ಯಾವುದಾದರೂ ಪ್ರಾಣಿ ಮುಗಿಸಿದರೆ ‘ಸತ್ನಿ!’ ಎಂದು ಅಷ್ಟೇ ಜೋರಾಗಿ ಕೂಗುತ್ತಿದ್ದೆ. ಕೇಳುವವರು ಇದ್ದಾರೆಂದಲ್ಲ, ಅದೊಂದು ಚಟ.

ಕೇಳುವವರು ಇದ್ದರು. ಗೋಡೆಯಾಚೆ ದೇವರ ಕೋಣೆಯಲ್ಲಿ ನನ್ನ ತಾಯಿ ಕೂಡುತ್ತಿದ್ದಳು. ನಮ್ಮದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅವ್ವನ ಬಾಯಿಗೆ ಒಂದು ಅಗುಳೂ ಹೋಗುವುದಿಲ್ಲ. ಬೆಳಕಿರುವಾಗಲೇ ಉಂಡು ಕೈ ತೊಳೆದರೆ ಮತ್ತೆ ಮರುದಿನ ಬೆಳಗಾಗಬೇಕು. ನಾನು ಚಿಕ್ಕವನಿದ್ದಾಗ ಗೌರಿ ಹುಣ್ಣಿಮೆಗೆ ಓಣಿಯ ಹುಡುಗರೆಲ್ಲ ಸಕ್ಕರೆಯ ಆನೆ, ಒಂಟೆ, ಕುದುರೆಗಳನ್ನು ಕಟಕಟನೆ ಕಡಿಯುತ್ತಿದ್ದರೆ, ನನ್ನ ಪಾಲಿಗೆ ಬರುತ್ತಿದ್ದುದು ಸಕ್ಕರೆಯ ಗೋಪುರ, ಸಕ್ಕರೆಯ ತೇರು. ಸಕ್ಕರೆಯದೇ ಆದರೂ ಆನೆಯ ಕುತ್ತಿಗೆ ಮುರಿಯುವಾಗ ಮನಸ್ಸಿನಲ್ಲಿ ಕೊಲ್ಲುವ ಭಾವ ಬರುತ್ತದೆ, ಪಾಪ ಅಂಟುವುದು ಭಾವಕ್ಕೆ ಎಂದು ಅವ್ವ ಹೇಳುತ್ತಿದ್ದಳು. ಗೋಪುರ ಕಡಿದು ಕಡಿದು ನನಗೆ ವಾಸ್ತುಶಿಲ್ಪದ ಮೇಲೆಯೇ ಜುಗುಪ್ಸೆ ಬಂದಿತ್ತು.

ಆಟ ಸುರುವಾದ ದಿನಗಳಲ್ಲೇ ಒಮ್ಮೆ ಆಕೆ ನನ್ನ ಬೆನ್ನ ಹಿಂದೆ ಬಂದು ನಿಂತು ನೋಡಿದಳು. ‘ಅವು ಖರೇ ಅಲ್ಲವ್ವಾ, ಬರೇ ಚಿತ್ರ’ ಎಂದೆ, ಕಣ್ಣು ಕೀಳದೆ.

‘ಖರೇ ಅಲ್ಲ ಅನ್ನೂದು ನನಗೂ ಗೊತ್ತೈತಿ. ನೀ ಹಲ್ಲ ಕಡದದ್ದು ಖರೆ ಹೌದಲ್ಲೋ?’ ಎಂದು ಹೋದಳು. ಆ ಹೊತ್ತಿಗೆ ಎಡಗಡೆಯಿಂದ ಎರಡು ಪ್ರಾಣಿಗಳು ನುಗ್ಗಿದ್ದವು.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಅವ್ವ ಬಚ್ಚಲ ಬಾಗಿಲಲ್ಲಿ ಚಕ್ಕರ್ ಬಂದು ಕುಸಿದಳು. ಆಕೆಗೆ ಮೊದಲಿನಿಂದಲೂ ಶುಗರ್. ಘಟಪ್ರಭಾಕ್ಕೆ ಕರೆದೊಯ್ದಾಗ ವೈದ್ಯರು ‘ಆಯಿ, ಕಡೀಕ ಊಟ ಯಾವಾಗ ಮಾಡಿದ್ರಿ?’ ಎಂದು ಕೇಳಿದರು. ‘ನಿನ್ನಿ ಮಧ್ಯಾಹ್ನ’ ಎಂದಳು ಅವ್ವ, ಏನೂ ಆಗದವಳಂತೆ. ‘ಗುಳಿಗಿ ನುಂಗೂದು, ಊಟ ಬಿಡೂದು, ಹಿಂಗ ಮಾಡಿದ್ರ ಜೀವಕ್ಕ ಧೋಕಾ ಐತ್ರಿ’ ಎಂದು ಅವರು ನನ್ನ ಕಡೆ ನೋಡಿದರು. ನಾನು ಹೆಂಡತಿಯ ಕಡೆ ನೋಡಿದೆ.

ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು: ‘ನಿಮಗ ಹೇಳಬ್ಯಾಡ ಅಂದಿದ್ರು ಅತ್ತಿ. ನೀವು ಒಂದು ಜೀವಾ ಹೊಡದ್ರ ಒಂಬತ್ತು ಸಲ ಣಮೋಕಾರ ಮಂತ್ರ ಹೇಳ್ತಾರ್ರೀ. ಹೇಳಿ ಮುಗಸಲಾರದ ಉಣ್ಣಂಗಿಲ್ಲ ಅಂತ ನೇಮ ಹಿಡದಾರ. ಮುಗಿಯೂದ್ರಾಗ ಹೊತ್ತು ಮುಳಗತೈತಿ. ಈ ವಾರದಾಗ ನಾಕು ದಿನಾ ಸಂಜೀಕ ಉಂಡಿಲ್ಲ.’ ನಾಲ್ಕು ದಿನ ನನ್ನ ಪಕ್ಕದ ಕೋಣೆಯಲ್ಲಿ ನನ್ನ ತಾಯಿ ಉಪವಾಸ ಮಲಗಿದ್ದಳು, ನನಗೆ ಗೊತ್ತಾಗಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆಟ ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎರಡು ದಿನ ಬಿಟ್ಟೆ. ಆ ಎರಡು ದಿನ ನಾನು ಮನೆಯಲ್ಲಿ ಅಡ್ಡಾಡಿದ ದೂರವನ್ನು ನೇರ ನಡೆದಿದ್ದರೆ ಕೊಣ್ಣೂರು ದಾಟಿರುತ್ತಿದ್ದೆ. ಮೂರನೆಯ ದಿನ, ಜೈನನಿಗಲ್ಲದೆ ಬೇರೆ ಯಾರಿಗೂ ಹೊಳೆಯಲಾರದ ಒಂದು ಉಪಾಯ ಹೊಳೆಯಿತು: ಅಹಿಂಸೆಯಿಂದಲೇ ಆಡುವುದು! ಬಂದೂಕಿನ ಗುಂಡಿಯನ್ನು ಮುಟ್ಟದೆ, ಬರೀ ಓಡಿ ತಪ್ಪಿಸಿಕೊಂಡು, ಒಂದು ಜೀವಿಗೂ ನೋವಾಗದಂತೆ ಗಣಿಯ ಆ ತುದಿ ಮುಟ್ಟುವುದು. ಇಷ್ಟು ಸಾತ್ವಿಕ ಯೋಧನನ್ನು ಆ ಗ್ರಹ ಕಂಡಿರಲಿಕ್ಕಿಲ್ಲ. ಪ್ರಾಣಿಗಳಿಗೆ ಮಾತ್ರ ನನ್ನ ಹೊಸ ತತ್ತ್ವ ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಮೇಲೆ ಬಿದ್ದವು. ಮತ್ತೆ ಹೊರಟೆ, ಮತ್ತೆ ಬಿದ್ದವು. ಛಲ ಹಿಡಿದು ಓಡಿದೆ, ಹಾರಿದೆ, ನುಸುಳಿದೆ. ಪ್ರತಿ ಸಲವೂ ಅಭ್ಯಾಸಬಲದಿಂದ ನನ್ನ ಬಾಯಿ ತನ್ನ ಕೆಲಸ ಮಾಡುತ್ತಿತ್ತು. ಕೊನೆಗೂ ಐದು ಗಂಟೆಯ ಸುಮಾರಿಗೆ ಆ ತುದಿ ಮುಟ್ಟಿದೆ. ಪರದೆಯ ಮೇಲೆ ಕೊಂದವುಗಳ ಲೆಕ್ಕ ಸೊನ್ನೆ ಎಂದು ಮೂಡಿತು.

ಕುರ್ಚಿಯನ್ನು ಹಿಂದಕ್ಕೊದ್ದು ದೇವರ ಕೋಣೆಗೆ ಓಡಿದೆ. ‘ಅವ್ವಾ, ಇವತ್ತ ಒಂದೂ ಹೊಡದಿಲ್ಲ! ಸೊನ್ನಿ! ಏಳು, ಉಣ್ಣು.’

ಅವ್ವನ ಕೈಯಲ್ಲಿ ಜಪಮಾಲೆ ಸರಿಯುತ್ತಲೇ ಇತ್ತು. ಕೊನೆಯ ಮಣಿ ಬಂದ ಮೇಲೆ ಕಣ್ಣು ತೆರೆದಳು. ‘ಹೊಡದಿಲ್ಲ ಖರೆ. ಹನ್ನೊಂದು ಸಲ ಸತ್ನಿ ಅಂದ್ಯಲ್ಲೋ ತಮ್ಮಾ.’

ನಾನು ಬೆರಳು ಮಡಿಚಿ ಎಣಿಸತೊಡಗಿದೆ.

‘ಆ ಹುಳಕ್ಕ ಒಂಬತ್ತು ಸಾಕು. ನಿನಗ ಸಲಕ್ಕೊಂದು ಮಾಲಿ. ಇದು ಮೂರನೇದು’ ಎಂದು ಮತ್ತೆ ಮೊದಲ ಮಣಿಗೆ ಬೆರಳಿಟ್ಟಳು.

ಒಂದು ಮಾಲೆಗೆ ನೂರೆಂಟು ಮಣಿ. ಅಂದರೆ ಇಷ್ಟು ದಿನ ಆಕೆಯ ಊಟ ತಪ್ಪಿಸಿದ್ದು ಆ ಮೂರು ಕಣ್ಣಿನ ಪ್ರಾಣಿಗಳಷ್ಟೇ ಅಲ್ಲ. ದಿನಕ್ಕೆ ನಾಲ್ಕೈದು ಸಲ ಸಾಯುತ್ತಿದ್ದ ನಾನೂ.

‘ಅದು ಆಟದಾಗಿನ ಮಾತವ್ವಾ’ ಎಂದೆ.

‘ಆಟ ನಿನಗ. ನನಗ ಗ್ವಾಡಿ ಆಚಿಂದ ಮಗನ ಧ್ವನಿ ಅಷ್ಟ ಕೇಳತೈತಿ.’

ನಾನು ಆಕೆಯ ಎದುರಿಗೆ ನೆಲದ ಮೇಲೆ ಕುಳಿತು, ಮಾಲೆ ಹಿಡಿದ ಕೈಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟುಕೊಂಡೆ. ‘ನೋಡು, ಇಲ್ಲೇ ಅದೀನಿ.’

‘ಎಲ್ಲಿ ಇರ್ತಿ? ಈಗ ಎದ್ದು ಹೊಕ್ಕಿ.’

‘ಇಲ್ಲ, ಹೋಗಂಗಿಲ್ಲ.’

ಅವ್ವ ಮಾಲೆಯನ್ನು ಅದರ ಚೀಲಕ್ಕೆ ಹಾಕಿ, ‘ಹಂಗಾರ ಇಷ್ಟು ಸಾಕು. ಆದ್ರ ನಾ ಉಣ್ಣೂತನಾ ಏಳಬ್ಯಾಡ’ ಎಂದಳು.

ಹೆಂಡತಿ ತಾಟು ತಂದಿಟ್ಟಳು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಲೋಟ ಹಾಲು. ಅವ್ವನ ಹಲ್ಲು ಅರ್ಧ ಹೋಗಿದ್ದವು. ರೊಟ್ಟಿಯನ್ನು ಚೂರು ಮಾಡಿ, ಹಾಲಲ್ಲಿ ಅದ್ದಿ, ಅದು ಮೆತ್ತಗಾಗುವತನಕ ಕಾದು, ಒಂದೊಂದೇ ತುತ್ತು ನಿಧಾನ ನುಂಗುತ್ತಿದ್ದಳು. ತಾಯಿ ಇಷ್ಟು ಸಾವಕಾಶ ಉಣ್ಣುತ್ತಾಳೆಂಬುದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೆ ತಿಳಿದಿರಲಿಲ್ಲ. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ನನಗೆ ಮೂರು ಸಲ ಏಳಬೇಕೆನಿಸಿತು, ಬಾಗಿಲಾಚೆ ಯಾರೋ ಕರೆದಂತೆಯೂ ಆಯಿತು. ಎರಡನೆಯದು ಮುಗಿಸಿ ಆಕೆ ತಾಟಿನಿಂದ ಕೈ ತೆಗೆಯುತ್ತಿದ್ದಳು. ನಾನೇ ತಡೆದು, ‘ಅವ್ವಗ ಇನ್ನೊಂದು ರೊಟ್ಟಿ ಹಾಕು’ ಎಂದು ಹೆಂಡತಿಗೆ ಹೇಳಿದೆ. ಹೊರಗೆ ಇನ್ನೂ ಬಿಸಿಲಿತ್ತು.